ಬೆಳಗಿನ ತಿಂಡಿ ಬಿಟ್ಟವರ ಚರಿತ್ರೆ

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳು. ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗಿನಲ್ಲಿ ವಕೀಲಿ ನಡೆಸುತ್ತಿದ್ದ ಗುಜರಾತಿನ ಬ್ಯಾರಿಸ್ಟರೊಬ್ಬರಿಗೆ ಮಲಬದ್ಧತೆ, ಮೇಲಿಂದ ಮೇಲೆ ತಲೆನೋವು. ದಿನಕ್ಕೆ ಮೂರು ಸಲ ಹೊಟ್ಟೆ ತುಂಬ ಊಟ, ಅದರ ಮೇಲೆ ಮಧ್ಯಾಹ್ನದ ಚಹಾ. ಆಗೀಗ ಭೇದಿಯ ಔಷಧ ತೆಗೆದುಕೊಂಡು, ಒಂದಿಷ್ಟು ಪಥ್ಯ ಮಾಡಿ ದಿನ ದೂಡುತ್ತಿದ್ದರು. ಹೀಗಿರುವಾಗ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಬೆಳಗಿನ ತಿಂಡಿ ಬಿಡುವವರ ಸಂಘವೊಂದು ಹುಟ್ಟಿದೆಯೆಂದು ಎಲ್ಲಿಯೋ ಓದಿದರು. ಇಂಗ್ಲಿಷರು ಹೊತ್ತುಗೊತ್ತಿಲ್ಲದೆ ನಡುರಾತ್ರಿಯವರೆಗೆ ತಿನ್ನುತ್ತಾರೆ, ಅದರಿಂದಲೇ ವೈದ್ಯರಿಗೆ ದುಡ್ಡು ಸುರಿಯುತ್ತಾರೆ, ಕಡೆಯ ಪಕ್ಷ ಬೆಳಗಿನ ತಿಂಡಿಯನ್ನಾದರೂ ಬಿಡಲಿ ಎಂಬುದು ಆ ಸಂಘದ ವಾದ. ಇದು ತನಗೂ ಒಂದಷ್ಟು ಮಟ್ಟಿಗೆ ಅನ್ವಯಿಸುತ್ತದೆ ಎನಿಸಿತು ಬ್ಯಾರಿಸ್ಟರಿಗೆ. ತಿಂಡಿ ಬಿಟ್ಟರು. ಕೆಲವು ದಿನ ಕಷ್ಟವಾಯಿತು. ಆಮೇಲೆ ತಲೆನೋವು ಮಾಯವಾಯಿತು.

ಆ ಬ್ಯಾರಿಸ್ಟರು ಮೋಹನದಾಸ ಕರಮಚಂದ ಗಾಂಧಿ. ಈ ಪ್ರಸಂಗವನ್ನು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಗಾಂಧೀಜಿಯ ಉಪವಾಸವೆಂದರೆ ಯೆರವಡಾ ಜೈಲು, ಕಲ್ಕತ್ತಾ, ದೆಹಲಿ ಎಲ್ಲರಿಗೂ ನೆನಪಾಗುತ್ತವೆ. ಮ್ಯಾಂಚೆಸ್ಟರಿನ ಸಂಘದ ಮಾತು ಕೇಳಿ ಬಿಟ್ಟ ಈ ತಿಂಡಿ ಮಾತ್ರ ಯಾರಿಗೂ ಅಷ್ಟಾಗಿ ನೆನಪಿಲ್ಲ.

ಇಂದು ಬೆಂಗಳೂರಿನ ಉದ್ಯಾನಗಳಲ್ಲಿ ಬೆಳಗಿನ ವಾಯುವಿಹಾರಕ್ಕೆ ಬರುವವರ ಮಾತಿನಲ್ಲಿ 'ಹದಿನಾರು-ಎಂಟು' ಎಂಬ ಲೆಕ್ಕ ಕೇಳಿಬರುತ್ತದೆ. ದಿನದ ಹದಿನಾರು ಗಂಟೆ ಏನೂ ತಿನ್ನದೆ, ಉಳಿದ ಎಂಟು ಗಂಟೆಯೊಳಗೆ ಊಟ ಮುಗಿಸುವುದು ಇದರ ಕ್ರಮ. ಹಾಗೆ ಮಾಡುವವರಲ್ಲಿ ಹೆಚ್ಚಿನವರು ಬಿಡುವುದು ಬೆಳಗಿನ ತಿಂಡಿಯನ್ನೇ. ಕಾರಣ ತಲೆನೋವಲ್ಲ, ತೂಕ. ಊಟ ಬಿಡುವ ಕೆಲಸ ಹಳೆಯದು, ಅದಕ್ಕೆ ಜನ ಕೊಡುವ ಕಾರಣ ಮಾತ್ರ ಕಾಲಕಾಲಕ್ಕೆ ಬದಲಾಗಿದೆ. ಮೊದಲು ದೇವರಿಗಾಗಿ, ಆಮೇಲೆ ರೋಗ ವಾಸಿಯಾಗಲೆಂದು, ಕೊನೆಗೆ ತೂಕ ಇಳಿಯಲೆಂದು. ಈ ಬದಲಾವಣೆ ಹೇಗಾಯಿತು, ಅದರಲ್ಲಿ ಉಳಿದ ಸತ್ಯವೆಷ್ಟು ಎಂಬುದು ಕುತೂಹಲದ ಚರಿತ್ರೆ.

ಒಪ್ಪತ್ತಿನ ನಾಡು

ಕನ್ನಡಿಗರಿಗೆ ಊಟ ಬಿಡುವುದನ್ನು ಪರದೇಶದವರಿಂದ ಕಲಿಯಬೇಕಾದ ಅಗತ್ಯ ಇರಲಿಲ್ಲ. 'ಹೊತ್ತು' ಎಂಬ ಮಾತಿಗೆ ಕಾಲ ಎಂಬ ಅರ್ಥವೂ ಇದೆ, ಊಟದ ಲೆಕ್ಕವೂ ಇದೆ. ದಿನಕ್ಕೆ ಒಂದೇ ಸಲ ಉಣ್ಣುವುದು 'ಒಪ್ಪತ್ತು'. ಶನಿವಾರ, ಸೋಮವಾರ ಒಪ್ಪತ್ತು ಮಾಡುವ ಮನೆಗಳು ಇಂದಿಗೂ ಬೇಕಾದಷ್ಟಿವೆ. ಏಕಾದಶಿಯಂದು ನೀರನ್ನೂ ಮುಟ್ಟದವರಿದ್ದಾರೆ. ಅನ್ನ ಬಿಟ್ಟು ಅವಲಕ್ಕಿ, ಉಪ್ಪಿಟ್ಟು, ಹಣ್ಣು, ಹಾಲೆಂದು ಮಾಮೂಲಿಗಿಂತ ಹೆಚ್ಚು ತಿನ್ನುವವರೂ ಇದ್ದಾರೆ. ಶ್ರವಣಬೆಳಗೊಳಕ್ಕೆ ಬರುವ ದಿಗಂಬರ ಮುನಿಗಳು ದಿನಕ್ಕೊಮ್ಮೆ, ನಿಂತೇ, ಅಂಗೈಯಲ್ಲಿ ಆಹಾರ ಸ್ವೀಕರಿಸುತ್ತಾರೆ. ರಂಜಾನಿನಲ್ಲಿ ತಿಂಗಳಿಡೀ ಹಗಲು ಹನಿ ನೀರು ಕುಡಿಯದ ಮನೆಗಳುಂಟು. ಒಂದು ಹೊತ್ತು ಉಂಡವನು ಯೋಗಿ, ಎರಡು ಹೊತ್ತು ಉಂಡವನು ಭೋಗಿ, ಮೂರು ಹೊತ್ತು ಉಂಡವನು ರೋಗಿ ಎಂಬ ಗಾದೆಯಂತೂ ಎಲ್ಲರ ಬಾಯಲ್ಲೂ ಇದೆ.

ಇವುಗಳಲ್ಲಿ ಯಾವುದೂ ತೂಕಕ್ಕಾಗಿ ಹುಟ್ಟಿದ್ದಲ್ಲ. ಗಾಂಧೀಜಿಯ ತಾಯಿ ಪುತಳೀಬಾಯಿ ಒಂದು ಚಾತುರ್ಮಾಸ್ಯದಲ್ಲಿ ಸೂರ್ಯನ ಮುಖ ಕಾಣದೆ ಉಣ್ಣುವುದಿಲ್ಲವೆಂದು ವ್ರತ ಹಿಡಿದಿದ್ದರು. ಮಳೆಗಾಲದ ಮೋಡದಲ್ಲಿ ಸೂರ್ಯ ಇಣುಕಿದಾಗ ಮಕ್ಕಳು ಓಡಿ ಬಂದು ಹೇಳುವರು, ಆಕೆ ಹೊರಗೆ ಬರುವಷ್ಟರಲ್ಲಿ ಸೂರ್ಯ ಮರೆಯಾಗಿರುವನು. ಪರವಾಗಿಲ್ಲ, ಇವತ್ತು ನಾನು ಉಣ್ಣುವುದು ದೇವರಿಗೆ ಇಷ್ಟವಿಲ್ಲ ಎಂದುಕೊಂಡು ಆಕೆ ನಗುತ್ತಲೇ ಒಳಗೆ ಹೋಗುವರು. ತಾಯಿಯದು ದೇವರ ಉಪವಾಸ, ಮಗನದು ಮೊದಲು ತಲೆನೋವಿನ ಉಪವಾಸ.

ಆಯುರ್ವೇದದಲ್ಲಿ 'ಲಂಘನ'ಕ್ಕೆ ದೊಡ್ಡ ಸ್ಥಾನವಿದೆ. ಚರಕ ಸಂಹಿತೆ ಹೇಳುವ ಹತ್ತು ಬಗೆಯ ಲಂಘನಗಳಲ್ಲಿ ಉಪವಾಸವೂ ಒಂದು, ವ್ಯಾಯಾಮವೂ ಒಂದು. ಆದರೆ ಅತಿಸ್ಥೂಲರ ವಿಷಯಕ್ಕೆ ಬಂದಾಗ ಅದೇ ಗ್ರಂಥ ಎಚ್ಚರದಿಂದ ಮಾತಾಡುತ್ತದೆ. ಅಂಥವರ ಜಠರಾಗ್ನಿ ಬಲವಾಗಿರುತ್ತದೆ, ಹೊತ್ತು ಮೀರಿದರೆ ಅವರಿಗೆ ತೊಂದರೆಯಾಗುತ್ತದೆ. ಆದ್ದರಿಂದ ಜೀರ್ಣವಾಗಲು ನಿಧಾನವಾದರೂ ಕೊಬ್ಬು ಬೆಳೆಸದ ಆಹಾರ ಕೊಡಬೇಕು ಎಂಬುದು ಅಲ್ಲಿನ ಸೂತ್ರ. ತಟ್ಟೆಯನ್ನು ಖಾಲಿ ಬಿಡುವ ಮೊದಲು ತಟ್ಟೆಯಲ್ಲಿ ಏನಿದೆಯೆಂದು ನೋಡು ಎಂಬುದು ಇದರ ತಾತ್ಪರ್ಯ.

1877: ಎರಡು ಬಗೆಯ ಹಸಿವು

ತಿಂಡಿ ಬಿಡುವ ಪಾಶ್ಚಾತ್ಯ ಚಳವಳಿಯ ಮೂಲ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಮೆಡ್‌ವಿಲ್ ಎಂಬ ಸಣ್ಣ ಪಟ್ಟಣದಲ್ಲಿದೆ. ಅಲ್ಲಿನ ವೈದ್ಯ ಎಡ್ವರ್ಡ್ ಹೂಕರ್ ಡ್ಯೂಯಿ ಅಂತರ್ಯುದ್ಧದ ಕಾಲದಲ್ಲಿ ಸೈನ್ಯದ ಆಸ್ಪತ್ರೆಯಲ್ಲಿ ದುಡಿದವನು. ರೋಗಿಗೆ ಶಕ್ತಿ ಬರಬೇಕಾದರೆ ಹೇಗಾದರೂ ಮಾಡಿ ಉಣಿಸಬೇಕು ಎಂಬುದು ಆಗಿನ ವೈದ್ಯರ ರೂಢಿ. 1877ರಲ್ಲಿ ವಿಷಮಶೀತಜ್ವರದ ಹುಡುಗಿಯೊಬ್ಬಳು ಅವನ ಕೈಗೆ ಬಂದಳು. ಏನು ಕೊಟ್ಟರೂ ಹೊಟ್ಟೆ ನಿಲ್ಲಿಸಿಕೊಳ್ಳಲಿಲ್ಲ. ಬೇರೆ ದಾರಿಯಿಲ್ಲದೆ ಬರೀ ನೀರಿನ ಮೇಲೆ ಬಿಟ್ಟ. ಹುಡುಗಿ ಸಾಯಲಿಲ್ಲ. ದಿನಗಳೆದಂತೆ ಚೇತರಿಸಿಕೊಂಡಳು, ತಾನಾಗಿಯೇ ಹಸಿವೆಂದಳು.

ಡ್ಯೂಯಿಗೆ ಇದು ಒಗಟಾಯಿತು. ಉತ್ತರ ಸಿಕ್ಕಿದ್ದು ಶರೀರಶಾಸ್ತ್ರದ ಪಠ್ಯಪುಸ್ತಕವೊಂದರ ಪಟ್ಟಿಯಲ್ಲಿ. ಉಪವಾಸದಿಂದ ಸತ್ತ ಪ್ರಾಣಿಯಲ್ಲಿ ಕೊಬ್ಬು ನೂರಕ್ಕೆ 97ರಷ್ಟು, ಯಕೃತ್ತು 56ರಷ್ಟು, ಸ್ನಾಯು 30ರಷ್ಟು ಕರಗಿರುತ್ತದೆ, ಮಿದುಳಿನ ನಷ್ಟ ಮಾತ್ರ ಸೊನ್ನೆ ಎಂದಿತ್ತು ಆ ಪಟ್ಟಿ. ಮಿದುಳು ತನ್ನ ಆಹಾರವನ್ನು ಒಡಲಿನ ಉಗ್ರಾಣದಿಂದಲೇ ಎಳೆದುಕೊಳ್ಳುತ್ತದೆ, ಕಾಯಿಲೆಯವನಿಗೆ ಬಲವಂತವಾಗಿ ಉಣಿಸುವುದು ತಪ್ಪು ಎಂದು ಡ್ಯೂಯಿ ತೀರ್ಮಾನಿಸಿದ. ಅಲ್ಲಿಂದ ಅವನ ವಾದ ಆರೋಗ್ಯವಂತರ ಕಡೆಗೂ ಹೊರಳಿತು. ರಾತ್ರಿ ನಿದ್ದೆ ಮಾಡಿ ಎದ್ದವನು ಏನೂ ಖರ್ಚು ಮಾಡಿಲ್ಲ, ಬೆಳಿಗ್ಗೆ ಆಗುವ ಹಸಿವು ನಿಜವಾದ ಹಸಿವಲ್ಲ, ಅಭ್ಯಾಸ ಎಂದ. ತಾನೇ ತಿಂಡಿ ಬಿಟ್ಟು ನೋಡಿದ. ಮೈಯೂ ಮನಸ್ಸೂ ಹಗುರವಾದವು. ಅವನ ಮೊದಲ ಪುಸ್ತಕ ಬಂದದ್ದು 1890ರ ದಶಕದ ನಡುವೆ. ತಿಂಡಿ ಬಿಡುವ ಯೋಜನೆಯನ್ನೇ ಹೆಸರಿನಲ್ಲಿಟ್ಟುಕೊಂಡ ಪುಸ್ತಕ 1900ರಲ್ಲಿ ಬಂತು. ಆಗಿನ ಅಮೆರಿಕದ ತಿಂಡಿಯೆಂದರೆ ಹುರಿದ ಮಾಂಸ, ಆಲೂಗಡ್ಡೆ, ಮೊಟ್ಟೆ, ದೋಸೆಯಂಥ ಕೇಕು, ಬೆಣ್ಣೆ, ಕಾಫಿ. ಅಜೀರ್ಣ ಅಲ್ಲಿನ ರಾಷ್ಟ್ರೀಯ ರೋಗವೆಂದೇ ಹೆಸರಾಗಿತ್ತು. ಅಂಥ ಕಡೆ ಡ್ಯೂಯಿಯ ಮಾತಿಗೆ ಕಿವಿಗೊಡುವವರು ಸಿಕ್ಕಿದ್ದು ಆಶ್ಚರ್ಯವಲ್ಲ.

ಇದೇ ಕಾಲದಲ್ಲಿ ಇನ್ನೊಬ್ಬ ವೈದ್ಯ ಉಪವಾಸವನ್ನು ಬೀದಿಯ ಸುದ್ದಿ ಮಾಡಿದ. ಮಿನಿಯಾಪೊಲಿಸಿನ ಹೆನ್ರಿ ಟ್ಯಾನರ್ ತಾನು 1877ರಲ್ಲಿ ನಲವತ್ತಕ್ಕೂ ಹೆಚ್ಚು ದಿನ ಉಪವಾಸ ಮಾಡಿದ್ದಾಗಿ ಹೇಳಿದಾಗ ಯಾರೂ ನಂಬಲಿಲ್ಲ. ಸರಿ, ಎಲ್ಲರ ಕಣ್ಣೆದುರು ಮಾಡಿ ತೋರಿಸುತ್ತೇನೆಂದು 1880ರ ಜೂನ್ 28ರಂದು ನ್ಯೂಯಾರ್ಕಿನ ಕ್ಲ್ಯಾರೆಂಡನ್ ಹಾಲಿನಲ್ಲಿ ಕುಳಿತ. ಸುತ್ತ ಹಗಲಿರುಳು ಕಾವಲು, ವೈದ್ಯರು, ವರದಿಗಾರರು, ಕಾಸು ಕೊಟ್ಟು ನೋಡಲು ಬಂದ ಜನ. ನಲವತ್ತು ದಿನ ಮುಗಿಸಿ ಆಗಸ್ಟ್ 7ರ ಮಧ್ಯಾಹ್ನ ಪೀಚ್ ಹಣ್ಣು ಕಚ್ಚಿ ಉಪವಾಸ ಮುರಿದ. ಅವನ ತೂಕ 36 ಪೌಂಡ್, ಎಂದರೆ 16 ಕಿಲೋ ಇಳಿದಿತ್ತು. ಆದರೆ ಅಂದು ಯಾರೂ ಅದನ್ನು ತೂಕ ಇಳಿಸುವ ಉಪಾಯವೆಂದು ನೋಡಲಿಲ್ಲ. ಮನುಷ್ಯ ಅಷ್ಟು ದಿನ ಬದುಕಬಲ್ಲನೇ ಎಂಬುದೇ ಎಲ್ಲರ ಪ್ರಶ್ನೆಯಾಗಿತ್ತು.

ಡ್ಯೂಯಿಯ ರೋಗಿ ಚೇತರಿಸಿಕೊಂಡ 1877 ಕನ್ನಡ ನಾಡಿನಲ್ಲಿ ಬೇರೆಯೇ ಕಾರಣಕ್ಕೆ ನೆನಪಿರುವ ವರ್ಷ. ಅದು ಧಾತು, ಈಶ್ವರ ಸಂವತ್ಸರಗಳ ಮಹಾಬರದ ಕಾಲ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಪಕ್ಕದ ಮದರಾಸು ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದಿಷ್ಟು ಕಾಸು ಸಾಕೆಂದು ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ನಿಗದಿ ಮಾಡಿದ. ಇಷ್ಟರಲ್ಲಿ ದುಡಿಯುವವನು ಬದುಕಲಾರನೆಂದು ಅಲ್ಲಿನ ಆರೋಗ್ಯಾಧಿಕಾರಿ ಕಾರ್ನಿಷ್ ವಾದ ಹೂಡಿದ. ಒಂದು ಕಡೆ ಹೊಟ್ಟೆ ಬಿರಿಯುವ ತಿಂಡಿಯಿಂದ ಬೇಸತ್ತವರು, ಇನ್ನೊಂದು ಕಡೆ ಗಂಜಿಗಾಗಿ ಸಾಲು ನಿಂತವರು. ಊಟವನ್ನು 'ಬಿಡಬೇಕಾದರೆ' ಮೊದಲು ಊಟ ಇರಬೇಕು ಎಂಬುದನ್ನು ಉಪವಾಸದ ಗುಣಗಾನ ಮಾಡುವವರು ಮರೆಯುವುದುಂಟು.

ಎದುರಾಳಿ ಬಂದ

ಡ್ಯೂಯಿ ತಿಂಡಿಯ ಮೇಲೆ ಯುದ್ಧ ಸಾರಿದ ಕಾಲದಲ್ಲೇ ಮಿಶಿಗನ್ ರಾಜ್ಯದ ಬ್ಯಾಟಲ್ ಕ್ರೀಕಿನ ಆರೋಗ್ಯಧಾಮದಲ್ಲಿ ಜಾನ್ ಹಾರ್ವಿ ಕೆಲಾಗ್ ಮತ್ತು ಅವನ ತಮ್ಮ ವಿಲ್ ಕೆಲಾಗ್ ಹೊಸ ತಿಂಡಿಯನ್ನು ಹುಡುಕುತ್ತಿದ್ದರು. ಅಜೀರ್ಣ ಅವರಿಗೂ ಶತ್ರುವೇ. ಆದರೆ ಅವರ ಮದ್ದು ಬೇರೆ: ತಿಂಡಿ ಬಿಡುವುದು ಬೇಡ, ಹಗುರ ಮಾಡೋಣ. 1894ರಲ್ಲಿ ಬೇಯಿಸಿದ ಗೋಧಿಯನ್ನು ಉರುಳೆಗಳ ನಡುವೆ ಹಾಯಿಸಿದಾಗ ತೆಳ್ಳನೆಯ ಹಪ್ಪಳದ ಚೂರುಗಳಂತೆ ಬಂತು. ಮುಂದೆ ಅದೇ ಜಾಡಿನಲ್ಲಿ ಜೋಳದ ಕಾರ್ನ್‌ಫ್ಲೇಕ್ಸ್ ಬಂತು. 1906ರಲ್ಲಿ ತಮ್ಮ ಅದನ್ನು ಮಾರುವ ಕಂಪನಿ ಕಟ್ಟಿದ. ಬೆಳಗಿನ ತಿಂಡಿ ಹಲವು ವಿಧದಲ್ಲಿ ದಿನದ ಅತಿ ಮುಖ್ಯ ಊಟ ಎಂಬ ಮಾತು 1917ರಲ್ಲಿ ಅಚ್ಚಾದದ್ದು ಅಣ್ಣ ಕೆಲಾಗ್ ಸಂಪಾದಿಸುತ್ತಿದ್ದ ಆರೋಗ್ಯ ಪತ್ರಿಕೆಯಲ್ಲಿ.

ಡ್ಯೂಯಿ 1904ರಲ್ಲಿ ತೀರಿಕೊಂಡ. ತಿಂಡಿ ಮಾರುವವರಿಗೆ ಜಾಹೀರಾತು ಇತ್ತು, ತಿಂಡಿ ಬಿಡಿಸುವವರಿಗೆ ಮಾರಲು ಏನೂ ಇರಲಿಲ್ಲ. ಮುಂದಿನ ಸುಮಾರು ನೂರು ವರ್ಷ ಕೆಲಾಗರ ಮಾತೇ ನಡೆಯಿತು. ತಿಂಡಿ ತಪ್ಪಿಸಿದರೆ ದಪ್ಪಗಾಗುತ್ತಾರೆ ಎಂಬ ಮಾತು ಶಾಲೆಯ ಪಠ್ಯದವರೆಗೂ ಬಂತು.

ನಂಬಿಕೆ ಮತವಾದಾಗ

ಡ್ಯೂಯಿಯ ಹೆಸರು ಹೇಳಿಕೊಂಡು ಬಂದವರೆಲ್ಲ ಅವನಷ್ಟು ಸಾಧುಗಳಾಗಿರಲಿಲ್ಲ. ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್ 1911ರಲ್ಲಿ ಉಪವಾಸ ಚಿಕಿತ್ಸೆಯನ್ನು ಹೊಗಳಿ ಪುಸ್ತಕ ಬರೆದ. ಅದೇ ವರ್ಷ ವಾಷಿಂಗ್ಟನ್ ರಾಜ್ಯದಲ್ಲಿ ಅದರ ಇನ್ನೊಂದು ಮುಖ ಕಂಡಿತು. ತಾನು ಡ್ಯೂಯಿಯ ಶಿಷ್ಯೆಯೆಂದು ಹೇಳಿಕೊಳ್ಳುತ್ತಿದ್ದ ಲಿಂಡಾ ಹ್ಯಾಝರ್ಡ್ ಎಂಬಾಕೆ ಉಪವಾಸದಿಂದ ಎಲ್ಲ ರೋಗವೂ ವಾಸಿಯಾಗುತ್ತದೆಂದು ಸಾರುತ್ತಿದ್ದಳು. ಇಂಗ್ಲೆಂಡಿನ ಶ್ರೀಮಂತ ಮನೆತನದ ಇಬ್ಬರು ಸಹೋದರಿಯರು ಸಣ್ಣಪುಟ್ಟ ಕಾಯಿಲೆಗಳಿಗೆಂದು ಅವಳ ಬಳಿ ಬಂದರು. ದಿನಕ್ಕೆ ಒಂದಿಷ್ಟು ತರಕಾರಿ ಸಾರು, ಗಂಟೆಗಟ್ಟಲೆ ಎನಿಮಾ. ಕೆಲವು ವಾರಗಳಲ್ಲಿ ಅಕ್ಕತಂಗಿಯರಿಬ್ಬರೂ ಮೂಳೆಯ ಹಂದರವಾದರು. ಒಬ್ಬಳು 1911ರ ಮೇ ತಿಂಗಳಲ್ಲಿ ಸತ್ತಾಗ ತೂಕ 25 ಕಿಲೋ ಕೂಡ ಇರಲಿಲ್ಲ. ಇನ್ನೊಬ್ಬಳನ್ನು ಬಿಡಿಸಿಕೊಂಡು ಹೋದರು. ಸತ್ತವಳ ಆಸ್ತಿ, ಒಡವೆಗಳ ಮೇಲೆ ಹ್ಯಾಝರ್ಡಳ ಕೈ ಆಡಿದ್ದೂ ವಿಚಾರಣೆಯಲ್ಲಿ ಹೊರಬಿತ್ತು. 1912ರಲ್ಲಿ ನ್ಯಾಯಾಲಯ ಅವಳಿಗೆ ಶಿಕ್ಷೆ ವಿಧಿಸಿತು. ಸುಮಾರು ಎರಡು ವರ್ಷ ಜೈಲಿನಲ್ಲಿದ್ದು ಬಂದ ಅವಳು ಮತ್ತೆ ಅದೇ ಕೆಲಸಕ್ಕಿಳಿದಳು. ಕೊನೆಗೆ 1938ರಲ್ಲಿ ತನ್ನದೇ ಚಿಕಿತ್ಸೆಯನ್ನು ತಾನೇ ಮಾಡಿಕೊಳ್ಳುತ್ತ ಸತ್ತಳು.

ಅವಳಿಗೆ ಶಿಕ್ಷೆಯಾದ ವರ್ಷವೇ ಬಾಸ್ಟನ್ನಿನ ಕಾರ್ನೆಗಿ ಪೋಷಣಾ ಪ್ರಯೋಗಾಲಯದಲ್ಲಿ ಫ್ರಾನ್ಸಿಸ್ ಬೆನೆಡಿಕ್ಟ್ ಎಂಬ ವಿಜ್ಞಾನಿ ಉಪವಾಸವನ್ನು ಅಳೆಯಲು ಕೂತಿದ್ದ. ಮಾಲ್ಟಾ ದ್ವೀಪದ ಲೆವಾಂಝಿನ್ ಎಂಬಾತ 31 ದಿನ ಬರೀ ನೀರು ಕುಡಿದುಕೊಂಡು ಅವನ ಕಣ್ಗಾವಲಿನಲ್ಲಿದ್ದ. ಉಸಿರು, ಮೂತ್ರ, ನಾಡಿ, ಮೈಶಾಖ ಎಲ್ಲವನ್ನೂ ಅಳೆದರು. ಇಳಿದ ತೂಕ ಸುಮಾರು 13 ಕಿಲೋ. ಕರಗಿದ್ದು ಕೊಬ್ಬು ಮಾತ್ರವಲ್ಲ, ಸ್ನಾಯುವಿನ ಸತ್ವವೂ ದಿನದಿನಕ್ಕೆ ಮೂತ್ರದಲ್ಲಿ ಹೋಗುತ್ತಿತ್ತು ಎಂಬುದು ಲೆಕ್ಕದಲ್ಲಿ ಕಂಡಿತು. ಉಪವಾಸ ಪವಾಡವೂ ಅಲ್ಲ, ಪ್ರದರ್ಶನವೂ ಅಲ್ಲ, ಒಡಲಿನ ಜಮಾಖರ್ಚು ಎಂದಾಯಿತು.

ತೂಕದ ಯಂತ್ರದ ಕಾಲ

ತೂಕ ಇಳಿಸುವವರ ಸಾಲು ಇದಕ್ಕಿಂತ ಬೇರೆಯಾಗಿಯೇ ಬೆಳೆದು ಬಂದಿತ್ತು. ಅದರ ಮೊದಲ ಪ್ರಸಿದ್ಧ ವ್ಯಕ್ತಿ ಲಂಡನ್ನಿನಲ್ಲಿ ಶವಪೆಟ್ಟಿಗೆ, ಶವಸಂಸ್ಕಾರದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ವಿಲಿಯಂ ಬ್ಯಾಂಟಿಂಗ್. ಐದಡಿ ಐದಂಗುಲದ ಆತ 202 ಪೌಂಡ್ ತೂಗುತ್ತಿದ್ದ. ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳಲೂ ಆಗುತ್ತಿರಲಿಲ್ಲ. ವೈದ್ಯರೊಬ್ಬರ ಮಾತಿನಂತೆ ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆ ಬಿಟ್ಟು ಒಂದು ವರ್ಷದಲ್ಲಿ 46 ಪೌಂಡ್ ಇಳಿಸಿದ. ಆ ಅನುಭವವನ್ನು 1863ರಲ್ಲಿ ಸಣ್ಣ ಪುಸ್ತಿಕೆಯಾಗಿ ಅಚ್ಚು ಹಾಕಿಸಿದ. ವಿಶೇಷವೆಂದರೆ ಅವನು ಒಂದು ಹೊತ್ತನ್ನೂ ಬಿಟ್ಟಿರಲಿಲ್ಲ. ದಿನಕ್ಕೆ ನಾಲ್ಕು ಸಲ ತಿನ್ನುತ್ತಲೇ ಇಳಿದಿದ್ದ.

ತೂಕ ದಿನನಿತ್ಯದ ಮಾತಾದದ್ದು ತೂಕ ನೋಡುವ ಯಂತ್ರ ಬೀದಿಗೆ ಬಂದ ಮೇಲೆ. ಕಾಸು ಹಾಕಿದರೆ ತೂಕ ತೋರಿಸುವ ಯಂತ್ರಗಳು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪಶ್ಚಿಮದ ರೈಲು ನಿಲ್ದಾಣಗಳಲ್ಲಿ ನಿಂತವು. ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ ಅಚ್ಚಾದ ಚೀಟಿ ಉದುರಿಸುವ, ಬಣ್ಣದ ದೀಪಗಳ ಯಂತ್ರ ಭಾರತದ ರೈಲ್ವೆ ಸ್ಟೇಷನ್ನುಗಳಲ್ಲಿ ಕಂಡವರಿಗೆ ಅದರ ಮೋಹ ಹೇಳಬೇಕಾಗಿಲ್ಲ. 1940ರ ದಶಕದಲ್ಲಿ ಅಮೆರಿಕದ ಮೆಟ್ರೊಪಾಲಿಟನ್ ಲೈಫ್ ವಿಮಾ ಕಂಪನಿ ಎತ್ತರಕ್ಕೆ ತಕ್ಕ 'ಆದರ್ಶ' ತೂಕದ ಪಟ್ಟಿ ಹೊರಡಿಸಿತು. ಆದರ್ಶಕ್ಕಿಂತ ಮೇಲಿದ್ದವರೆಲ್ಲ ಒಮ್ಮೆಗೇ ರೋಗಿಗಳ ಸಾಲಿಗೆ ಸೇರಿದಂತಾಯಿತು.

ಊಟ ಕಡಿಮೆಯಾದರೆ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ತೋರಿಸಿದ್ದು ಮಿನ್ನೆಸೋಟದ ಪ್ರಯೋಗ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಯುರೋಪಿನ ಹಸಿದ ಜನರಿಗೆ ಹೇಗೆ ಉಣಿಸಬೇಕೆಂದು ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಬಂದೂಕು ಹಿಡಿಯಲು ಒಪ್ಪದ 36 ಯುವಕರನ್ನು ಸೇರಿಸಿಕೊಂಡ. ಅವರಿಗೆ ದಿನಕ್ಕೆ ಎರಡು ಊಟ, ಒಟ್ಟು ಸುಮಾರು 1,570 ಕ್ಯಾಲೊರಿ. ಇಪ್ಪತ್ತನಾಲ್ಕು ವಾರಗಳಲ್ಲಿ ತೂಕ ಕಾಲುಭಾಗದಷ್ಟು ಇಳಿಯಿತು. ಜತೆಗೆ ನಗು ಹೋಯಿತು, ಜಗಳ ಬಂತು. ಅಡುಗೆ ಪುಸ್ತಕ ಕೂಡಿಸಿಡುವವರು, ತಟ್ಟೆ ನೆಕ್ಕುವವರು, ಒಂದು ತುತ್ತನ್ನು ಎಷ್ಟೋ ಹೊತ್ತು ಅಗಿಯುವವರು ಹುಟ್ಟಿಕೊಂಡರು. ಊಟ ಮತ್ತೆ ಸಿಕ್ಕಿದಾಗ ಹೊಟ್ಟೆ ತುಂಬಿದರೂ ತಿನ್ನುವುದು ನಿಲ್ಲಲಿಲ್ಲ, ಮೈಗೆ ಮರಳಿ ಬಂದ ಕೊಬ್ಬು ಮೊದಲಿಗಿಂತ ಹೆಚ್ಚಾಗಿತ್ತು. ಅಂದು ಇಂದಿನ ಪಥ್ಯದ ಕತೆಯೇ ಅಲ್ಲಿ ನಡೆದಿತ್ತು.

ಈ ಎರಡು ಸಾಲುಗಳು ಒಂದಾದದ್ದು 1960ರ ಸುಮಾರಿಗೆ. ಫಿಲಡೆಲ್ಫಿಯಾದ ವೈದ್ಯ ಗಾರ್ಫೀಲ್ಡ್ ಡಂಕನ್ 1962ರಲ್ಲಿ ಬೊಜ್ಜಿಗೆ ಬಿಟ್ಟು ಬಿಟ್ಟು ಪೂರ್ತಿ ಉಪವಾಸ ಮಾಡಿಸುವ ಕ್ರಮವನ್ನು ವೈದ್ಯ ಪತ್ರಿಕೆಯಲ್ಲಿ ಮಂಡಿಸಿದ. ಸ್ಕಾಟ್ಲೆಂಡಿನ ಡಂಡೀಯಲ್ಲಿ 207 ಕಿಲೋ ತೂಗುತ್ತಿದ್ದ 27 ವರ್ಷದ ತರುಣನೊಬ್ಬ 1965ರಿಂದ 1966ರವರೆಗೆ ಆಸ್ಪತ್ರೆಯ ಮೇಲ್ವಿಚಾರಣೆಯಲ್ಲಿ 382 ದಿನ ಊಟ ಬಿಟ್ಟ; ನೀರು, ಕಾಫಿ, ಜೀವಸತ್ವದ ಮಾತ್ರೆ, ಲವಣಗಳಷ್ಟೇ ಆಧಾರ. 82 ಕಿಲೋಗೆ ಇಳಿದ ಆತ ಐದು ವರ್ಷದ ಮೇಲೂ 89 ಕಿಲೋದಲ್ಲಿದ್ದ. ಎಲ್ಲರ ಅದೃಷ್ಟ ಹಾಗಿರಲಿಲ್ಲ. ಬೇರೆ ಆಸ್ಪತ್ರೆಗಳಲ್ಲಿ ಇಂಥ ಉಪವಾಸದ ನಡುವೆ, ಉಪವಾಸ ಮುರಿದ ಮೇಲೆ ರೋಗಿಗಳು ಸತ್ತ ವರದಿಗಳು ಬಂದವು. ಲಾಸ್ ಏಂಜಲೀಸಿನ ವೈದ್ಯರು ಉಪವಾಸ ಚಿಕಿತ್ಸೆ ಪಡೆದ 207 ಮಂದಿಯ ಮುಂದಿನ ಕತೆ ಹುಡುಕಿ 1977ರಲ್ಲಿ ಪ್ರಕಟಿಸಿದರು. ಸಿಕ್ಕವರಲ್ಲಿ ಅರ್ಧದಷ್ಟು ಜನ ಎರಡು ಮೂರು ವರ್ಷಗಳಲ್ಲಿ ಹಳೆಯ ತೂಕಕ್ಕೆ ಮರಳಿದ್ದರು. ಇಳಿಸಿದ ತೂಕ ಉಳಿಸಿಕೊಂಡವರು ಏಳೇ ಮಂದಿ.

ಈ ಪ್ರಯೋಗಗಳಿಂದ ಡ್ಯೂಯಿಯ ಹಳೆಯ ಒಗಟಿಗೆ ಉತ್ತರವೂ ಸಿಕ್ಕಿತು. 1967ರಲ್ಲಿ ಬಾಸ್ಟನ್ನಿನ ಆಲಿವರ್ ಓವೆನ್, ಜಾರ್ಜ್ ಕೇಹಿಲ್ ಮತ್ತು ಸಂಗಡಿಗರು ಐದಾರು ವಾರ ಉಪವಾಸವಿದ್ದ ಸ್ಥೂಲರೋಗಿಗಳ ಮಿದುಳಿಗೆ ಹೋಗಿಬರುವ ರಕ್ತವನ್ನು ಪರೀಕ್ಷಿಸಿದರು. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಒಂದು ದಿನದ ಆಸುಪಾಸಿನಲ್ಲಿ ಮುಗಿಯುತ್ತದೆ. ಆಮೇಲೆ ಯಕೃತ್ತು ಕೊಬ್ಬಿನಿಂದ ಕೀಟೋನ್ ಎಂಬ ಇಂಧನ ತಯಾರಿಸುತ್ತದೆ, ಮಿದುಳು ಅದನ್ನೇ ಉರಿಸಿಕೊಂಡು ನಡೆಯುತ್ತದೆ. ಮಿದುಳು ಒಡಲಿನ ಉಗ್ರಾಣದಿಂದ ಉಣ್ಣುತ್ತದೆ ಎಂಬ ಡ್ಯೂಯಿಯ ಊಹೆ ತಪ್ಪಾಗಿರಲಿಲ್ಲ. ಆ ಉಗ್ರಾಣದಿಂದ ಎಲ್ಲ ರೋಗಕ್ಕೂ ಮದ್ದು ಬರುತ್ತದೆ ಎಂದದ್ದೇ ತಪ್ಪು.

ಗಡಿಯಾರವೋ, ತಟ್ಟೆಯೋ

2012ರಲ್ಲಿ ಬ್ರಿಟಿಷ್ ದೂರದರ್ಶನದ ಬಿಬಿಸಿಯಲ್ಲಿ ಮೈಕೆಲ್ ಮೋಸ್ಲಿ ಎಂಬ ವೈದ್ಯ-ಪತ್ರಕರ್ತ ಉಪವಾಸದ ಮೇಲೆ ಕಾರ್ಯಕ್ರಮ ಮಾಡಿದ. ವಾರಕ್ಕೆ ಐದು ದಿನ ಮಾಮೂಲು ಊಟ, ಎರಡು ದಿನ ಐದಾರು ನೂರು ಕ್ಯಾಲೊರಿ ಎಂಬ ಅವನ ಕ್ರಮ ಜನಪ್ರಿಯವಾಯಿತು. 2016ರಲ್ಲಿ ಜೀವಕೋಶ ತನ್ನ ಹಳೆಯ ಭಾಗಗಳನ್ನು ತಾನೇ ಕರಗಿಸಿಕೊಳ್ಳುವ ಕ್ರಿಯೆಯ ಸಂಶೋಧನೆಗೆ ಜಪಾನಿನ ಯೊಶಿನೋರಿ ಓಸುಮಿಗೆ ನೊಬೆಲ್ ಬಹುಮಾನ ಬಂತು. ಅವರ ಮೂಲ ಕೆಲಸ ಯೀಸ್ಟಿನ ಮೇಲೆ. ಅದನ್ನೇ ಹಿಡಿದು ಮನುಷ್ಯರ ಉಪವಾಸಕ್ಕೆ ನೊಬೆಲ್ ಮುದ್ರೆ ಬಿತ್ತೆಂದು ಪ್ರಚಾರ ಮಾಡಿದವರು ಅನೇಕರು.

ಜನರನ್ನು ಚೀಟಿಯೆತ್ತಿದಂತೆ ಗುಂಪು ಮಾಡಿ ಹೋಲಿಸಿ ನೋಡಿದಾಗ ಕಂಡದ್ದು ಇಷ್ಟು. 2020ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಸಂಶೋಧಕರು 116 ಜನರಲ್ಲಿ ಒಂದು ಗುಂಪಿಗೆ ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ಮಾತ್ರ ತಿನ್ನಲು, ಇನ್ನೊಂದಕ್ಕೆ ಮೂರು ಹೊತ್ತು ತಿನ್ನಲು ಹೇಳಿದರು. ಹನ್ನೆರಡು ವಾರಗಳಲ್ಲಿ ಮೊದಲಿನವರು ಸರಾಸರಿ ಒಂದು ಕಿಲೋದೊಳಗೆ, ಎರಡನೆಯವರು ಮುಕ್ಕಾಲು ಕಿಲೋದೊಳಗೆ ಇಳಿದರು, ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಕೆಲವರನ್ನು ಸೂಕ್ಷ್ಮವಾಗಿ ಅಳೆದಾಗ, ತಿಂಡಿ ಬಿಟ್ಟವರಲ್ಲಿ ಇಳಿದ ತೂಕದ ದೊಡ್ಡ ಪಾಲು ಕೊಬ್ಬಿನದಾಗಿರಲಿಲ್ಲ. 2022ರಲ್ಲಿ ಚೀನಾದ ಗ್ವಾಂಗ್‌ಝೌ ನಗರದಲ್ಲಿ 139 ಸ್ಥೂಲಕಾಯದವರ ಮೇಲೆ ಒಂದು ವರ್ಷ ನಡೆದ ಪ್ರಯೋಗದಲ್ಲಿ ಎರಡೂ ಗುಂಪಿಗೆ ಕಡಿಮೆ ಕ್ಯಾಲೊರಿಯ ಊಟವಿತ್ತು. ಒಂದು ಗುಂಪು ಅದನ್ನು ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಮುಗಿಸಬೇಕಿತ್ತು. ಅವರು 8 ಕಿಲೋ, ಉಳಿದವರು 6.3 ಕಿಲೋ ಇಳಿದರು. ಅಷ್ಟು ಅಂತರ ಆಕಸ್ಮಿಕವಾಗಿಯೂ ಬರಬಹುದೆಂದು ಲೆಕ್ಕ ಹೇಳಿತು. ಶಿಕಾಗೋದಲ್ಲಿ ದಿನ ಬಿಟ್ಟು ದಿನ ಉಪವಾಸ ಮಾಡಿದವರೂ ನಿತ್ಯ ಮಿತವಾಗಿ ಉಂಡವರೂ ಹೆಚ್ಚುಕಡಿಮೆ ಒಂದೇ ಸಮ ಇಳಿದರೆಂದು 2017ರ ವರದಿ ತಿಳಿಸಿತು. ಆದರೆ ಉಪವಾಸದ ಗುಂಪಿನಲ್ಲಿ ನೂರಕ್ಕೆ 38 ಮಂದಿ ನಡುವೆಯೇ ಕೈಬಿಟ್ಟಿದ್ದರು.

ಡ್ಯೂಯಿ-ಕೆಲಾಗ್ ವ್ಯಾಜ್ಯದ ತೀರ್ಪೂ ಬಂದಿದೆ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು 2019ರಲ್ಲಿ ಬೆಳಗಿನ ತಿಂಡಿಯ ಬಗೆಗಿನ 13 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ತಿಂಡಿ ತಿನ್ನುವವರು ದಿನಕ್ಕೆ ಸುಮಾರು 260 ಕ್ಯಾಲೊರಿ ಹೆಚ್ಚು ತಿನ್ನುತ್ತಿದ್ದರು. ತಿಂಡಿ ಬಿಟ್ಟವರ ತೂಕ ಅರ್ಧ ಕಿಲೋದಷ್ಟು ಕಡಿಮೆಯಿತ್ತು, ಅಷ್ಟೇ. ತಿಂಡಿ ಬಿಟ್ಟರೆ ದಪ್ಪಗಾಗುತ್ತಾರೆ ಎಂಬ ಬೆದರಿಕೆಯೂ ಸುಳ್ಳು, ತಿಂಡಿ ಬಿಟ್ಟರೆ ಸಾಕು ಇಳಿಯುತ್ತಾರೆ ಎಂಬ ಭರವಸೆಯೂ ಪೊಳ್ಳು. ದಿನದ ಒಟ್ಟು ಊಟ ಕಡಿಮೆಯಾದರೆ ತೂಕ ಇಳಿಯುತ್ತದೆ. ಹೊತ್ತು ಬಿಡುವುದು ಅದಕ್ಕೊಂದು ದಾರಿ, ಒಂದೇ ದಾರಿಯಲ್ಲ. ಪ್ರತಿ ತುತ್ತಿನ ಲೆಕ್ಕ ಇಡಲಾರದವನಿಗೆ ಗಡಿಯಾರ ನೋಡುವುದು ಸುಲಭ. ಆ ಮಟ್ಟಿಗೆ ಅದು ಉಪಯೋಗದ್ದೇ. ಬೆಳಿಗ್ಗೆ ಬಿಟ್ಟ ಇಡ್ಲಿಯ ಬದಲು ಸಂಜೆ ಬೋಂಡ, ರಾತ್ರಿ ಎರಡು ಸೌಟು ಹೆಚ್ಚು ಅನ್ನ ಬಂದರೆ ಏಕಾದಶಿಯ ಉಪ್ಪಿಟ್ಟಿನ ಕತೆಯೇ ಆಗುತ್ತದೆ.

ಎಲ್ಲರಿಗೂ ಈ ದಾರಿ ಹೊಂದುವುದಿಲ್ಲ ಎಂಬುದು ಅಷ್ಟೇ ಮುಖ್ಯ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವ ಮಧುಮೇಹಿ ಊಟ ತಪ್ಪಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಗರ್ಭಿಣಿಯರು, ಮೊಲೆಯೂಡಿಸುವವರು, ಬೆಳೆಯುವ ಮಕ್ಕಳು, ಮೊದಲೇ ಬಡಕಲಾದವರು, ಊಟದ ವಿಷಯದಲ್ಲಿ ಮನಸ್ಸಿನ ಸಮಸ್ಯೆಯಿದ್ದವರು ಇದರ ಗೊಡವೆಗೆ ಹೋಗಬಾರದು. ಮಧುಮೇಹದವರು ವೈದ್ಯರನ್ನು ಕೇಳದೆ ಒಪ್ಪತ್ತು ಹಿಡಿಯುವುದು, ಅದು ದೇವರಿಗಾದರೂ ಸರಿ, ತೂಕಕ್ಕಾದರೂ ಸರಿ, ಜೂಜು.

ಗಾಂಧೀಜಿ 1924ರ ಸೆಪ್ಟೆಂಬರಿನಲ್ಲಿ ಹಿಂದೂ-ಮುಸ್ಲಿಂ ಐಕ್ಯಕ್ಕಾಗಿ ದೆಹಲಿಯಲ್ಲಿ 21 ದಿನ ಉಪವಾಸ ಮಾಡಿದರು. ಅದು ಮುಗಿದು ಮೂರು ತಿಂಗಳೊಳಗೆ ಬೆಳಗಾವಿಗೆ ಬಂದು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಅಷ್ಟು ಹೊತ್ತಿಗೆ ಉಪವಾಸ ಅವರ ಕೈಯಲ್ಲಿ ಬೇರೆಯೇ ಶಕ್ತಿಯಾಗಿತ್ತು. ಆದರೂ ಮರುವರ್ಷದಿಂದ ಆತ್ಮಕಥೆ ಬರೆಯತೊಡಗಿದಾಗ ಜೋಹಾನ್ಸ್‌ಬರ್ಗಿನ ಆ ಬೆಳಗಿನ ತಿಂಡಿಯನ್ನು ಮರೆಯಲಿಲ್ಲ. ತಿಂಡಿ ಬಿಟ್ಟಿದ್ದರಿಂದ ತಲೆನೋವು ಹೋಯಿತು, ಮಲಬದ್ಧತೆ ಮಾತ್ರ ಹೋಗಲಿಲ್ಲ ಎಂದು ಎರಡನ್ನೂ ಪ್ರಾಮಾಣಿಕವಾಗಿ ದಾಖಲಿಸಿದರು. ಉಪವಾಸ ಸರ್ವರೋಗ ನಿವಾರಕ ಎಂದು ಸಾರಲು ಹೋಗಲಿಲ್ಲ. ಅದರಿಂದ ಅವರು ತೆಗೆದ ತೀರ್ಮಾನ ಒಂದೇ: ತಾನು ಅಗತ್ಯಕ್ಕಿಂತ ಹೆಚ್ಚು ತಿನ್ನುತ್ತಿದ್ದೆ. ನೂರಕ್ಕೂ ಹೆಚ್ಚು ವರ್ಷಗಳ ಪ್ರಯೋಗ, ಯಂತ್ರ, ಪಟ್ಟಿ, ಪ್ರಚಾರಗಳೆಲ್ಲ ಮುಗಿದ ಮೇಲೆ ವಿಜ್ಞಾನ ಬಂದು ನಿಂತಿರುವುದೂ ಆ ಮಾತಿನ ಹತ್ತಿರವೇ.